ತೊಂಬತ್ತು ಗ್ರಾಂ

ಆರು ವಾರಕ್ಕೆ ಇವಳ ಮೈ ಹನ್ನೊಂದು ಕಿಲೋ ಇಳಿಸಿದ್ದೀನಿ ನೋಡಿ ಅಂತ ಅಕ್ಕ ಎದೆಯುಬ್ಬಿಸಿ ಹೇಳಿದರೆ, ಡಯಟಿಷಿಯನ್ ಹುಡುಗಿ ಶಭಾಷ್ ಅನ್ನಲೇ ಇಲ್ಲ. ಎದ್ದು ಬಂದು, ಕುರ್ಚಿಯಲ್ಲಿ ಮುದುಡಿ ಕೂತಿದ್ದ ತಂಗಿಯ ತೊಡೆಯನ್ನು ಬಟ್ಟೆಯ ಮೇಲಿಂದಲೇ ಒತ್ತಿ ನೋಡಿದಳು. ತಲೆಯಲ್ಲಿ ಕೈಯಾಡಿಸಿದಳು. ಬೆರಳಿಗೆ ಸುತ್ತಿಕೊಂಡು ಒಂದು ಎಳೆಯಲ್ಲ, ಒಂದು ಜೊಂಪೆ ಕೂದಲು ಬಂತು. ನಾನು ಹೇಳಿದ್ದು ನಾಲ್ಕೈದು ಕಿಲೋ ಅಲ್ವಾ ಮೇಡಂ, ಅಂದಳು.

ಇದ್ಯಾಕಪ್ಪಾ ಹೀಗೆ ಅಂತ ಅಕ್ಕನಿಗೆ ಸಣ್ಣಗೆ ಸಿಟ್ಟೇ ಬಂತು. ಅವಳು ತೂಕ-ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿಯವರು ಬೆನ್ನ ಹಿಂದೆ ‘ಗ್ರಾಂ ಮೇಡಂ’ ಅಂತಲೇ ಕರೆಯುವುದು. ಪೊಟ್ಟಣದ ಮೇಲೆ ಎಷ್ಟು ಬರೆದಿದೆಯೋ ತಕ್ಕಡಿಯಲ್ಲೂ ಅಷ್ಟೇ ತೂಗಬೇಕು, ಕಮ್ಮಿ ಬಂತೋ, ದಂಡ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಇದೇ ಹೆಮ್ಮೆ. ಜೊತೆಗಿರುವ ತಂಗಿ ಟೈಲರ್. ಹೊಲಿಗೆ ಯಂತ್ರ ತುಳಿದೂ ತುಳಿದೂ ಮಂಡಿ ಸವೆದು, ಬಚ್ಚಲಿಗೆ ಹೋಗಬೇಕಾದರೂ ಗೋಡೆ ಹಿಡಿಯುವ ಹಾಗಾಗಿತ್ತು. ಮೈ ಇಳಿಸಿದರೆ ಮಾತ್ರ ಮಂಡಿ ಆಪರೇಷನ್ ಅಂತ ಸರ್ಜನ್ ಖಡಾಖಂಡಿತವಾಗಿ ಹೇಳಿದ್ದರು. ಆಪರೇಷನ್ ಮುಂದಿನ ವಾರಕ್ಕೆ ನಿಗದಿಯಾಗಿತ್ತು.

ಅದಕ್ಕೇ ಈ ಆದಿಮಾನವರ ಊಟ. ಧಾನ್ಯ ಇಲ್ಲ, ಸಕ್ಕರೆ ಇಲ್ಲ. ಮಾಂಸ, ಮೊಟ್ಟೆ, ಬೆಣ್ಣೆ, ಬಾದಾಮಿ, ಸೊಪ್ಪು, ಒಂದಿಷ್ಟು ಗೆಣಸು. ದಿನಕ್ಕೆ ಪ್ರೋಟೀನ್ ತೊಂಬತ್ತು ಗ್ರಾಂ, ಕೊಬ್ಬು ಎಪ್ಪತ್ತು, ಕಾರ್ಬ್ ಎಂಬತ್ತು, ಈ ಮೂರರ ಲೆಕ್ಕ ತಪ್ಪಬಾರದು ಅಂತ ಹುಡುಗಿ ಚೀಟಿಯಲ್ಲಿ ಬರೆದುಕೊಟ್ಟಿದ್ದಳು. ಗ್ರಾಂ ಮೇಡಂ ಕೈಯಲ್ಲಿ ಲೆಕ್ಕ ತಪ್ಪುವುದುಂಟೇ? ಸೊಪ್ಪು ಎಷ್ಟು ಬೇಕಾದರೂ ತಿನ್ನಲಿ ಅಂತಲೂ ಇತ್ತು. ಎಷ್ಟು ಬೇಕಾದರೂ ಅನ್ನುವುದು ಯಾವ ಸೀಮೆ ಅಳತೆ ಅಂತ ಗೊಣಗಿಕೊಂಡು ಅವಳು ಅದಕ್ಕೂ ನೂರು ಗ್ರಾಂ ಅಂತ ಗೆರೆ ಎಳೆದಿದ್ದಳು.

“ನಿನ್ನೆ ಬೆಳಿಗ್ಗೆಯಿಂದ ಏನೇನು ಕೊಟ್ರಿ, ಹೇಳಿ,” ಅಂದಳು ಹುಡುಗಿ.

“ನೀವು ಬರೆದಿದ್ದೇ. ಕೋಳಿಮಾಂಸ ನಲವತ್ತು, ಮೊಟ್ಟೆ ಐವತ್ತು, ಅಲ್ಲಿಗೆ ಪ್ರೋಟೀನ್ ತೊಂಬತ್ತು. ಬೆಣ್ಣೆ, ಬಾದಾಮಿ ಸೇರಿ ಎಪ್ಪತ್ತು. ಗೆಣಸು ಎಂಬತ್ತು. ಒಂದು ಗ್ರಾಂ ಹೆಚ್ಚಿಲ್ಲ, ಕಮ್ಮಿಯಿಲ್ಲ.”

ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

“ಮೇಡಂ, ತೊಂಬತ್ತು ಗ್ರಾಂ ಮಾಂಸ ಅಲ್ಲ. ಅದರೊಳಗಿನ ಪ್ರೋಟೀನು ತೊಂಬತ್ತು ಆಗ್ಬೇಕು. ಮಾಂಸದಲ್ಲಿ ಅದಿರೋದು ಕಾಲು ಭಾಗ. ಗೆಣಸಿನಲ್ಲಿ ಮುಕ್ಕಾಲು ಬರೀ ನೀರು. ಇವರು ಇಷ್ಟು ದಿನ ಬೆಣ್ಣೆ ಒಂದರ ಮೇಲೆ ಜೀವ ಹಿಡ್ಕೊಂಡಿದ್ದಾರೆ.” ಯಾವ ಪದಾರ್ಥ ಎಷ್ಟು ಅಂತ ತಾನೇ ಬಿಡಿಸಿ ಬರೆಯಬೇಕಿತ್ತು ಅಂತಲೂ ಪಾಪ ಅಂದಳು. ಅದು ಅಕ್ಕನ ಕಿವಿಗೆ ಬೀಳಲಿಲ್ಲ.

ಅಕ್ಕ ಆಗಲೇ ಆರು ವಾರವನ್ನು ಒಂದೊಂದಾಗಿ ಲೆಕ್ಕ ಹಾಕುತ್ತಿದ್ದಳು. ಮೂರನೇ ದಿನವೇ ತಂಗಿ ಹಸಿವು ಅಂದಿದ್ದಳು, ಮೊದಮೊದಲು ಎಲ್ಲರಿಗೂ ಹಾಗೇ ಅಂತ ಇವಳು ಬಾಯಿ ಮುಚ್ಚಿಸಿದ್ದಳು. ಎರಡನೇ ವಾರ ಇನ್ನರ್ಧ ಮೊಟ್ಟೆ ಕೇಳಿದಾಗ, ಅದು ಹಸಿವಲ್ಲ ಕಣೇ ಬಾಯಿಚಪಲ ಅಂತ ರೇಗಿ ಫ್ರಿಜ್ಜಿಗೆ ಬೀಗ ಜಡಿದಿದ್ದಳು. ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ನಾಲ್ಕನೇ ವಾರ ಒಂದು ಮಧ್ಯಾಹ್ನ ತಂಗಿ ಅಡುಗೆಮನೆ ಬಾಗಿಲ ಹಿಂದೆ ಗೆಣಸಿನ ಚೂರು ಬಾಯಿಗೆ ಹಾಕಿಕೊಂಡು ಸಿಕ್ಕಿಬಿದ್ದಿದ್ದಳು. ಅಕ್ಕ ಅವಳ ಗಲ್ಲದ ಕೆಳಗೆ ಅಂಗೈ ಹಿಡಿದು, ಉಗುಳು ಅಂದಿದ್ದಳು. ನಲವತ್ತೆಂಟು ವರ್ಷದ ಹೆಂಗಸು, ಬಾಯಿ ತೆರೆದು ಉಗುಳಿದ್ದಳು. ಅದನ್ನೂ ತೂಗಿದ್ದಳಲ್ಲ ಈ ಮಹಾತಾಯಿ! ಹನ್ನೆರಡು ಗ್ರಾಂ. ಮಾರನೆಯ ದಿನದ ಪಾಲಿನಲ್ಲಿ ಮುರಿದುಕೊಂಡೂ ಇದ್ದಳು.

ಹುಡುಗಿ ಅಲ್ಲಿಂದಲೇ ಸರ್ಜನ್‌ಗೆ ಫೋನ್ ಮಾಡಿದಳು. ತೊಡೆಯ ಮಾಂಸವೇ ಕರಗಿದೆ, ಈಗ ಮಂಡಿ ಮುಟ್ಟಿದರೆ ಇವರು ಮತ್ತೆ ಎದ್ದು ನಿಲ್ಲಲಿಕ್ಕಿಲ್ಲ, ನಾಲ್ಕು ತಿಂಗಳಾದರೂ ಮುಂದೂಡಬೇಕು ಅಂದರಂತೆ. ತಂಗಿ ಅಳಲಿಲ್ಲ, ಅಕ್ಕನ ಮೇಲೆ ಹರಿಹಾಯಲೂ ಇಲ್ಲ. ಡಯಟಿಷಿಯನ್ ಕಡೆ ತಿರುಗಿ, “ಹಾಗಾದ್ರೆ ಅದು ಬಾಯಿಚಪಲ ಅಲ್ವಾ ಮೇಡಂ?” ಅಂತ ಮೆಲ್ಲಗೆ ಕೇಳಿದಳು. ಹುಡುಗಿ ತಲೆ ತಗ್ಗಿಸಿದಳು. ಅಕ್ಕನಿಗೆ ಆ ಕ್ಷಣ ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

ದಿಢೀರನೆ ತುಂಬಿಸಬೇಡಿ, ಹಂಚಿ ಹಂಚಿ ಕೊಡಿ ಅಂತ ಹುಡುಗಿ ಈ ಸಲ ಒಂದೊಂದನ್ನೂ ಬಿಡಿಸಿ ಬರೆದುಕೊಟ್ಟಳು. ಮನೆಗೆ ಬಂದವಳೇ ಅಕ್ಕ ಚಪ್ಪಲಿ ಬಿಡುವುದನ್ನೂ ಮರೆತು ಒಲೆ ಹಚ್ಚಿದಳು. ಮಾಂಸ ಬೇಯಿಸಿ, ಎರಡು ಮೊಟ್ಟೆ ಸುಲಿದು, ಸೊಪ್ಪು ಬಾಡಿಸಿ, ಗೆಣಸಿನ ಮೇಲೆ ಬೆಣ್ಣೆ ಇಟ್ಟು ತಟ್ಟೆಗೆ ಬಡಿಸಿದಳು. ತಂಗಿಯ ಮುಂದಿಟ್ಟು, ತಿನ್ನೇ, ನನ್ನಪ್ಪಾ, ತಿನ್ನು ಅಂದಳು.

ತಂಗಿ ತಟ್ಟೆಯನ್ನೇ ನೋಡಿದಳು. ಮಾಂಸದ ಎರಡು ಚೂರು, ಮೊಟ್ಟೆಯಲ್ಲಿ ಒಂದು ತುಣುಕು, ಹೆಬ್ಬೆರಳಿನಷ್ಟು ಗೆಣಸನ್ನು ಮೆಲ್ಲಗೆ ಬೆರಳಿನಿಂದ ತಟ್ಟೆಯ ಅಂಚಿಗೆ ಎಳೆದುಕೊಂಡಳು. ಆಮೇಲೆ ತಲೆಯೆತ್ತಿದಳು.

“ಇದು ನಂದು. ಮಿಕ್ಕಿದ್ದು ಯಾರಿಗಕ್ಕಾ?”