ಗುಬ್ಬಚ್ಚಿಗಳ ವಿಳಾಸ

“ಮೀಸೆಯೇ. ಅನುಮಾನವೇ ಇಲ್ಲ,” ಎಂದರು ಹೆಡ್‌ಮಾಸ್ತರರು, ಪರದೆಗೆ ಮೂಗು ತಾಗುವಷ್ಟು ಬಗ್ಗಿ.

ಪರದೆಯ ಮೇಲೆ ಕಾಣುತ್ತಿದ್ದುದು ಒಂದು ಹಳೆಯ ಮೇಜು, ಅದರ ಮೇಲೆ ನಾಲ್ಕಾರು ಮಕ್ಕಳ ಕೈಗಳು. ಅಷ್ಟೇ. ಆಟದ ನಿಯಮವೇ ಹಾಗಿತ್ತು. ಇಂಟರ್‌ನೆಟ್ಟಿನಲ್ಲಿ ಎರಡು ತರಗತಿಗಳು ಜೋಡಿಯಾಗುತ್ತವೆ. ವರ್ಷವಿಡೀ ಒಂದೇ ಪ್ರಯೋಗವನ್ನು ಎರಡೂ ಕಡೆ ಮಾಡಿ ತೋರಿಸುತ್ತವೆ. ಆದರೆ ಒಂದು ತರಗತಿ ಅಡಗಿರಬೇಕು, ಇನ್ನೊಂದು ಅದನ್ನು ಹುಡುಕಬೇಕು. ಅಡಗಿದವರು ಮುಖ ತೋರಿಸುವಂತಿಲ್ಲ, ಬಾಯಿ ಬಿಡುವಂತಿಲ್ಲ. ಕೇಳಿದ್ದಕ್ಕೆ ಹಸಿರು ಹಲಗೆ ಎತ್ತಿದರೆ ಹೌದು, ಕೆಂಪು ಎತ್ತಿದರೆ ಅಲ್ಲ. ಕೊನೆಯ ದಿನ ಅವರೆಲ್ಲಿದ್ದಾರೆಂದು ಹೇಳಬೇಕು, ಅದೂ ಒಂದೇ ಸಲ.

ಅಡಗಿದವರು ತಮಗೆ ಗುಬ್ಬಚ್ಚಿಗಳು ಎಂದು ಹೆಸರಿಟ್ಟುಕೊಂಡಿದ್ದರು. ಜೋಡಿಯಾಗೋಣ ಬನ್ನಿ ಎಂದು ಮೊದಲು ಕರೆ ಕಳಿಸಿದವರೂ ಅವರೇ.

ಮೀಸೆ ಎಂದರೆ ಹೊಳೆಯಾಚೆಯ ಶಾಲೆಯ ಮುಖ್ಯಸ್ಥ. ಒಂದು ಕಾಲಕ್ಕೆ ಇದೇ ಶಾಲೆಯಲ್ಲಿ ಹೆಡ್‌ಮಾಸ್ತರರ ಕೈಕೆಳಗೆ ದುಡಿದವನು. ಹೋದ ವರ್ಷ ಇದೇ ಆಟದಲ್ಲಿ ಬಹುಮಾನ ಹೊಡೆದು, ಶಿಕ್ಷಣಾಧಿಕಾರಿಗಳ ಮುಂದೆ ಮೈಕ್ ಹಿಡಿದು, “ನಮ್ಮ ಹಿರಿಯರು ದಣಿದಿದಾರೆ, ಪಾಪ,” ಎಂದುಬಿಟ್ಟಿದ್ದ. ಆ ‘ಪಾಪ’ ಹೆಡ್‌ಮಾಸ್ತರರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ವರ್ಷ ಅವನ ಮೀಸೆ ಮಣ್ಣು ಮಾಡಿಯೇ ತೀರುವುದೆಂದು ಅವರು ಪಣ ತೊಟ್ಟಿದ್ದರು.

ಪಣಕ್ಕೆ ತಕ್ಕ ತಯಾರಿ ನಡೆಯಿತು. ಹೊಸ ಕಂಪ್ಯೂಟರುಗಳು ಬಂದವು. ನೆಲಕ್ಕೆ ಹೊಳಪು ಬಂತು. ಬಳಿಕ ಅವರು ತರಗತಿಯನ್ನೇ ಮೊರದಲ್ಲಿ ಕೇರಿದರು. ಕಾಳು ಕಂಪ್ಯೂಟರ್ ಕೋಣೆಗೆ, ಜೊಳ್ಳು ಟೀಚರಮ್ಮನ ಪಾಲಿಗೆ. ಓದಿನಲ್ಲಿ ಹಿಂದಿದ್ದ ಸ್ವಂತ ತಮ್ಮನ ಮಗಳನ್ನೂ ಅವರು ಬಿಡಲಿಲ್ಲ. ನ್ಯಾಯಕ್ಕೆ ನೆಂಟಸ್ತಿಕೆ ಇಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡರು. ಮೊದಲ ದಿನ ಅವಳು ತಿಳಿಯದೆ ಕೋಣೆಯೊಳಗೆ ಕಾಲಿಟ್ಟಾಗ, “ಚಪ್ಪಲಿ ಹೊರಗೆ ಬಿಡು. ಜೊತೆಗೆ ನೀನೂ ಹೊರಗಿರು,” ಎಂದರು. ಕಾಳುಗಳು ಗೊಳ್ಳೆಂದು ನಕ್ಕವು.

ಆಮೇಲೆ ಶುರುವಾಯಿತು ಪತ್ತೇದಾರಿಕೆ. ನಿಮ್ಮೂರಿಗೆ ಹೊಳೆ ಇದೆಯೇ? ಹಸಿರು. ನಿಮ್ಮ ಕಿಟಕಿಯಿಂದ ಬೆಟ್ಟ ಕಾಣುತ್ತದೆಯೇ? ಕೆಂಪು. ಹೊಳೆಯಾಚೆಯ ಶಾಲೆಯಿಂದಲೂ ಬೆಟ್ಟ ಕಾಣದು. ನಿಮಗೆ ಕಲಿಸುವವರು ನಮ್ಮ ಶಾಲೆಯಲ್ಲಿ ಕೆಲಸ ಮಾಡಿದವರೇ? ಸ್ವಲ್ಪ ತಡೆದು, ಹಸಿರು. ಹೆಡ್‌ಮಾಸ್ತರರು ತೊಡೆ ತಟ್ಟಿಕೊಂಡರು.

“ನಮ್ಮ ಮೇಲೆ ಹಳೇ ಸಿಟ್ಟಿದೆಯಾ?” ಎಂದು ಕೇಳಿಯೂಬಿಟ್ಟರು. ಅಲ್ಲಿದ್ದ ಹಸಿರು ಹಲಗೆಗಳೆಲ್ಲ ಒಟ್ಟಿಗೆ ಮೇಲೆದ್ದವು.

ಕಷ್ಟವೆಂದರೆ ಗುಬ್ಬಚ್ಚಿಗಳು ಚುರುಕಾಗಿದ್ದವು. ಬಿಸಿಲಿಗೆ ತಂದಿಟ್ಟ ಅವರ ನೆರಳಿನ ಗಡಿಯಾರ ನಿಮಿಷ ತಪ್ಪುತ್ತಿರಲಿಲ್ಲ. ಅವರು ಕಾಗದದಲ್ಲಿ ಕಟ್ಟಿದ ಸೇತುವೆ ಇಟ್ಟಿಗೆ ಹೇರಿದರೂ ಕುಸಿಯಲಿಲ್ಲ. ಕಾಳುಗಳ ಸೇತುವೆ ಡಸ್ಟರಿಗೇ ಮಕಾಡೆ ಮಲಗಿತು.

“ನೋಡಿ ಕಲೀರೋ,” ಎಂದು ಹೆಡ್‌ಮಾಸ್ತರರು ಹಲ್ಲು ಕಡಿದರು. “ಎಂಥಾ ಕೈಗಳು. ಇಂಥವರು ನನ್ನ ಶಾಲೇಲಿ ಇದ್ದಿದ್ರೆ ಆ ಮೀಸೆಗೆ ಒಂದು ಗತಿ ಕಾಣಿಸ್ತಿದ್ದೆ.”

ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಮುಂದಿನ ಬೆಂಚಿನ ಜಾಣೆ ಎದ್ದು ನಿಂತಳು. “ಸರ್, ಅವರ ಕಡೇನೂ ಬೆಲ್ ಕೇಳಿಸ್ತು.”

“ಅದು ನಮ್ಮದೇ ಕಣಮ್ಮ. ನಮ್ಮ ಸದ್ದು ಅಲ್ಲಿಗೆ ಹೋಗಿ ತಿರುಗಿ ಬರುತ್ತೆ. ಕೂತ್ಕೋ.”

ಕೊನೆಯ ದಿನದ ಹಿಂದಿನ ಸಂಜೆ ಮನೆಯಲ್ಲೂ ಅದೇ ಮಾತು. ತಮ್ಮನ ಮಗಳು ಊಟಕ್ಕೆ ತಡವಾಗಿ ಬಂದಳು. “ಅದೆಷ್ಟು ಹೊತ್ತು ಕೈಯ ಅಂಟು ಉಜ್ಜಿ ತೊಳೀತೀಯೇ?” ಎಂದು ದೊಡ್ಡಮ್ಮ ಗದರಿದರು. ಹುಡುಗಿ ಕೈ ಒರೆಸಿಕೊಂಡು ತಟ್ಟೆಯ ಮುಂದೆ ಕೂತಳು.

“ದೊಡ್ಡಪ್ಪ, ಅವರು ಎಲ್ಲಿದಾರೆ ಅಂತ ನಿಮಗೆ ಗೊತ್ತಾಗದೇ ಹೋದ್ರೆ?”

“ಗೊತ್ತಾಗದಿದ್ರೆ ಆ ಕಂಪ್ಯೂಟರ್ ಕೋಣೇನೇ ಅವರಿಗೆ ಬಿಟ್ಕೊಡ್ತೀನಿ. ಬಂದು ಕೂತ್ಕೊಳ್ಳಲಿ.”

“ಎಲ್ಲರ ಮುಂದೆ ಹೇಳ್ತೀರಾ?”

“ಹೇಳ್ತೀನಿ. ನನಗ್ಯಾರ ಭಯ?”

ಅವಳು ತಲೆ ತಗ್ಗಿಸಿ ಊಟ ಮುಂದುವರಿಸಿದಳು.

ಮರುದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿಕ್ಷಣಾಧಿಕಾರಿಗಳು ಬಂದಿದ್ದರು, ಕಾಳುಗಳ ತಂದೆತಾಯಿ ಬಂದಿದ್ದರು. ಮುಂದಿನ ಸಾಲಿನಲ್ಲಿ ಮೀಸೆ ಕೂತಿದ್ದ. ಸೋಲನ್ನು ಕಣ್ಣಾರೆ ಕಾಣಲೆಂದು ಹೆಡ್‌ಮಾಸ್ತರರೇ ಖುದ್ದಾಗಿ ಕರೆಸಿದ್ದರು. ಪಂಥವನ್ನು ಅವರು ಮೈಕಿನಲ್ಲೇ ಸಾರಿದರು. “ತಪ್ಪಿದರೆ ಈ ಕೋಣೆ ಆ ಮಕ್ಕಳದ್ದು. ಅವರು ಎಲ್ಲಿಯವರೇ ಆಗಿರಲಿ.” ಅಧಿಕಾರಿಗಳು ಚಪ್ಪಾಳೆ ತಟ್ಟಿ, “ಮಾತು ಮಾತಾಗಿರಲಿ,” ಎಂದರು.

ಹೆಡ್‌ಮಾಸ್ತರರು ಮೀಸೆಯ ಮುಖವನ್ನೇ ನೋಡುತ್ತ ಒಂದೊಂದೇ ಪದ ಬಿಡಿಸಿ ಹೇಳಿದರು. “ನೀವು ಹೊಳೆಯಾಚೆ ಶಾಲೆಯ ಮಕ್ಕಳು.”

ಒಂದು ಕೈ ನಿಧಾನವಾಗಿ ಮೇಲೆದ್ದಿತು. ಕೆಂಪು ಹಲಗೆ.

ಮೀಸೆ ತನ್ನ ಮೀಸೆಯನ್ನೊಮ್ಮೆ ತೀಡಿಕೊಂಡ. “ನಮ್ಮ ಮಕ್ಕಳಿಗೆ ಇವತ್ತು ರಜ ಸರ್. ನೀವು ಕರೆದ್ರಿ ಅಂತ ನಾನೊಬ್ಬನೇ ಬಂದೆ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ತರರ ಕಿವಿ ಕೆಂಪಗಾಯಿತು. ಅವರು ನಿಯಮ ಮರೆತು ಪರದೆಯ ಮೇಲೆ ಹರಿಹಾಯ್ದರು. “ಮತ್ತೆ ಎಲ್ಲಿದೀರಿ ನೀವು? ಎಷ್ಟು ದೂರದವರು?”

ಪರದೆಯಲ್ಲಿನ ಕೈಗಳು ಹಲಗೆಗಳನ್ನು ಎತ್ತಿಕೊಂಡು ಮರೆಯಾದವು. ಖಾಲಿ ಮೇಜು ಮಾತ್ರ ಉಳಿಯಿತು. ಆಮೇಲೆ ಅದೂ ಹೋಯಿತು.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಅಧಿಕಾರಿಗಳೇ ಎದ್ದು ತೆಗೆದರು.

ಸೈಕಲ್ ಸ್ಟ್ಯಾಂಡಿನ ಹಿಂದಿನ, ಕಿಟಕಿಯೇ ಇಲ್ಲದ ಉಗ್ರಾಣದಿಂದ ಜೊಳ್ಳಿನ ಮಕ್ಕಳು ಸಾಲಾಗಿ ಬಂದು ನಿಂತಿದ್ದರು. ಕೊನೆಯಲ್ಲಿ ಟೀಚರಮ್ಮ, ಕೈಯಲ್ಲಿ ಅವರ ಹಳೆಯ ಫೋನು. ಎಲ್ಲರಿಗಿಂತ ಮುಂದೆ, ಕೆಂಪು ಹಲಗೆ ಹಿಡಿದ ತಮ್ಮನ ಮಗಳು.

“ದೊಡ್ಡಪ್ಪ, ಚಪ್ಪಲಿ ಮಾತ್ರ ಹೊರಗೆ ಬಿಟ್ಟಿದೀವಿ.”