ಶಿವಕಾಂತಾಳ ಪ್ರಶ್ನೆ

ಆಳಂದದ ಸಣ್ಣ ಬ್ಯಾಂಕಿನ ಬಾಗಿಲಿಗೆ ಜನ ಮುಗಿಬಿದ್ದದ್ದನ್ನು ಕಂಡು ಶಿವಕಾಂತಾ ಅತ್ತ ಓಡಿದಳು. ರೂಪಾಯಿ ಬೆಲೆ ಇಳಿದ ಆ ವಾರ, ಆರ್ಥಿಕ ಬಿಕ್ಕಟ್ಟುಗಳ ಸಂಶೋಧನೆಗೆಂದು ಗುಲಬರ್ಗಾದಿಂದ ಬಂದಿದ್ದ ಆಕೆ ಹಿಂದಿನ ದಿನ ಸಂತೆಯಲ್ಲಿ ಸಿಕ್ಕವರನ್ನೆಲ್ಲ ಕೇಳಿದ್ದಳು: “ಬ್ಯಾಂಕ್ ಮುಳುಗಿದ್ರ ಏನ್ ಮಾಡ್ತೀರಿ?”

“ಮುಳುಗ್ತದಂತ ಅಕ್ಕೋರೇ ಹೇಳ್ಯಾರ,” ಎಂದು ಶಿವಕಾಂತಾಳತ್ತ ಕೈತೋರಿಸುತ್ತ ಬಳೆ ಮಾರುವ ಗಂಗುಬಾಯಿ ಗುಂಪಿನೊಳಗೆ ನುಗ್ಗಿದಳು.

ಮ್ಯಾನೇಜರ್ ಜಗದೇವಪ್ಪ ಶಿವಕಾಂತಾಳಿಗೆ ಕೈಮುಗಿದ. “ಇದ್ದ ರೊಕ್ಕ ಸಾಲ ಕೊಟ್ಟೇವ್ರಿ. ಎಲ್ಲಾರೂ ಒಮ್ಮಿಗೇ ಕೇಳಿದ್ರ ಖರೇನ ಮುಳುಗ್ತೀವಿ. ನೀವೇ ಇವ್ರಿಗೆ ತಿಳಿಸಿ ಹೇಳ್ರಿ.”

ಶಿವಕಾಂತಾ ಮೆಟ್ಟಿಲೇರಿದಳು. “ಬ್ಯಾಂಕಿಗೆ ಏನೂ ಆಗಿಲ್ರಿ. ಅಂಜಬ್ಯಾಡ್ರಿ, ಮನೀಗೆ ಹೋಗ್ರಿ,” ಎಂದಳು. ಆದರೆ ದನಿ ನಡುಗುತ್ತಲೇ ಹೊರಬಂತು.

“ಅಕ್ಕೋರಿಗೇ ಅಂಜಿಕಿ ಬಂದದ ನೋಡ್ರಿ,” ಎಂದಳು ಗಂಗುಬಾಯಿ. ಮರುಗಳಿಗೆಯಲ್ಲಿ ಜನರ ನೂಕಿಗೆ ಬಾಗಿಲಿನ ಚಿಲಕ ಕಿತ್ತುಬಂತು.