ಟವೆಲ್ ಕೆಳಗಿನ ಮಾತು

ಚಿಕ್ಕಯ್ಯ ಹೆಗಲ ಮೇಲಿನ ಟವೆಲ್ ಎಳೆದು, ಮೇಜಿನ ಮೇಲಿದ್ದ ರಾಧಾಮಣಿಯ ಬಲಗೈಯನ್ನೂ ತನ್ನ ಕೈಯನ್ನೂ ಸೇರಿಸಿ ಮುಚ್ಚಿಬಿಟ್ಟ.

"ಏನ್ರಿ ಇದು, ಯಜಮಾನ್ರೆ?"

"ಮೆಲ್ಲಗೆ, ಮೇಡಮ್ಮೋರೆ." ಅವನು ಹಲಗೆಯ ಗೋಡೆಯತ್ತ ಕಣ್ಣು ಹೊರಳಿಸಿದ. ಅದರಾಚೆ ಇಂಜೆಕ್ಷನ್ನಿಗೆ ಕಾದವರ ಸಾಲು. ಅಲ್ಲಿ ಯಾರಾದರೂ ಕೆಮ್ಮಿದರೆ ಇಲ್ಲಿ ಮೇಜಿನ ಪಕ್ಕದಲ್ಲೇ ಕೆಮ್ಮಿದಂತಿರುತ್ತಿತ್ತು. "ಬಾಯಲ್ಲಿ ಬ್ಯಾಡಿ. ನಾನು ಕುರಿ ದಲ್ಲಾಳಿ. ಸಂತೇಲಿ ರೇಟು ನಾವ್ಯಾರೂ ಕೂಗಾಕಿಲ್ಲ, ಟವಲ್ ಒಳಗೆ ಬೆಳ್ಳು ಹಿಡೀತೀವಿ. ಪಕ್ಕದಲ್ ನಿಂತೋನ್ಗೂ ಗೊತ್ತಾಗಾಕಿಲ್ಲ. ಆ ಕಾಯ್ಲೆ ಇದ್ರೆ ನನ್ನ ಒಂದು ಬೆಳ್ಳು ಹಿಡೀರಿ. ಇಲ್ದಿದ್ರೆ ಐದೂ."

ರಾಮನಗರದ ಈ ಎಚ್‌ಐವಿ ಪರೀಕ್ಷಾ ಕೇಂದ್ರಕ್ಕೆ ರಾಧಾಮಣಿ ಆಪ್ತ ಸಲಹೆಗಾರ್ತಿಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಫಲಿತಾಂಶ ಹೇಳುವಾಗ ಎದುರಿಗಿರುವವರ ಮುಖ ನೋಡಿ, ಬಿಡಿಸಿ ಹೇಳಬೇಕು ಎಂದು ತರಬೇತಿಯಲ್ಲಿ ಕಲಿಸಿದ್ದರು. ಟವೆಲ್ಲಿನ ಸುದ್ದಿ ಅಲ್ಲಿ ಬಂದಿರಲಿಲ್ಲ. ಅವಳ ಅಪ್ಪ ರೇಷ್ಮೆಗೂಡು ಬೆಳೆಯುವವನು. ಗೂಡಿನ ಮಾರುಕಟ್ಟೆಯಲ್ಲಿ ಬೆಲೆಯನ್ನು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದರು. ಬೆಲೆಯೊಂದು ಹೀಗೆ ಕತ್ತಲಲ್ಲಿ, ಬೆರಳಿನಿಂದ ಬೆರಳಿಗೆ ದಾಟುವುದನ್ನು ಅವಳು ಕಂಡಿರಲಿಲ್ಲ. ಹೇಗಿರುತ್ತದೋ ನೋಡೋಣ ಎನ್ನುವ ಕುತೂಹಲ ಅವಳ ಮನಸ್ಸಿನಲ್ಲಿ ಒಂದು ಗಳಿಗೆ ಮಿಂಚಿತು. ಅದಕ್ಕೆ ನಾಚಿಕೆಯೂ ಆಯಿತು.

ಚಿಕ್ಕಯ್ಯ ಬೆಳಿಗ್ಗೆ ಬಂದವನೇ, "ಇಲ್ಲಿ ಹೆಸರು ಕೇಳಾಕಿಲ್ವಂತೆ, ದಿಟವಾ?" ಎಂದು ಮತ್ತೆ ಮತ್ತೆ ಕೇಳಿದ್ದ. ನಂಬರು ಸಾಕು ಎಂದ ಮೇಲೆಯೇ ಕೂತಿದ್ದು. "ಮಾಗಡಿ, ಕನಕಪುರ ಎಲ್ಡೂ ಬ್ಯಾಡ ಅಂತ ಇಲ್ಲಿಗ್ ಬಂದೆ. ಅಲ್ಲಿ ಕುರಿಗೋಳೂ ನನ್ನ ಗುರ್ತು ಹಿಡೀತವೆ," ಎಂದು ನಗಿಸಿ, ಕೊನೆಗೆ ಹೆಸರನ್ನೂ ತಾನೇ ಹೇಳಿಬಿಟ್ಟಿದ್ದ. ಬಿಡದಿ ಕಡೆ ಕಾರ್ಖಾನೆಗಳು ಎದ್ದ ಮೇಲೆ ಹೆದ್ದಾರಿ ಹೋಟೆಲುಗಳಿಗೆ ಕುರಿ ಒದಗಿಸುತ್ತ ಲಾರಿಗಳಲ್ಲಿ ತಿರುಗಿದ್ದ ಆಸಾಮಿ. ಆ ತಿರುಗಾಟದ ಬಗ್ಗೆ ಕೇಳಿದ್ದಕ್ಕೆಲ್ಲ ಗೋಡೆ ನೋಡಿಕೊಂಡು ಉತ್ತರ ಕೊಟ್ಟಿದ್ದ.

ರಾಧಾಮಣಿ ಟವೆಲ್ಲಿನಡಿ ತಡಕಾಡಿ ಅವನ ತೋರುಬೆರಳನ್ನು ಹಿಡಿದಳು. ಒಂದನ್ನೇ.

ಚಿಕ್ಕಯ್ಯನ ಮುಖ ಅಲುಗಲಿಲ್ಲ. ಅದು ಸಂತೆಯಲ್ಲಿ ಪಳಗಿದ ಮುಖ. ಆದರೆ ಒಳಗೆ ಅವನ ಕೈ ಅವಳ ಹಿಡಿತದಿಂದ ಬೆರಳನ್ನು ಬಿಡಿಸಿಕೊಂಡಿತು. ಮೆಲ್ಲಗೆ ಐದೂ ಬೆರಳು ಅಗಲಿಸಿ ಅವಳ ಅಂಗೈಗೆ ಒತ್ತಿತು.

"ಒಸಿ ಏರ್ಸಿ, ಮೇಡಮ್ಮೋರೆ," ಎಂದ, ಪಿಸುದನಿಯಲ್ಲಿ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಚೌಕಾಸಿ ಮಾಡುತ್ತಿದ್ದ. ನಾಲ್ಕು ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಉಳಿದ ಒಂದನ್ನು ಮತ್ತೆ ಹಿಡಿದಳು. ಈ ಸಲ ಬಿಡಲಿಲ್ಲ.

"ಇದು ಏರೋ ರೇಟಲ್ಲ, ಯಜಮಾನ್ರೆ."

ಹಲಗೆಯಾಚೆ ಮಗುವೊಂದು ಸೂಜಿ ಕಂಡು ಕಿರುಚಿತು. ಆ ಗದ್ದಲ ಮುಗಿಯುವುದರೊಳಗೆ ಅವಳು ಹೇಳಬೇಕಾದುದನ್ನೆಲ್ಲ ತಗ್ಗಿದ ದನಿಯಲ್ಲಿ ಹೇಳಿದಳು: ಬೆಂಗಳೂರಿನಲ್ಲಿ ಪುಕ್ಕಟೆ ಮಾತ್ರೆ ಕೊಡುತ್ತಾರೆ, ನುಂಗಿಕೊಂಡು ಕುರಿ ವ್ಯಾಪಾರ ಮಾಡಿಕೊಂಡೇ ಇರಬಹುದು, ಇದೇ ಕಾಯಿಲೆಯವರು ತಿಂಗಳಿಗೊಮ್ಮೆ ಇಲ್ಲೇ ಸೇರುತ್ತಾರೆ, ಅಲ್ಲೂ ಹೆಸರು ಕೇಳುವುದಿಲ್ಲ. ಅವನು ಕೇಳಿಸಿಕೊಂಡನೋ ಇಲ್ಲವೋ.

"ಹೊರಗೆ ಬೆಂಚಿನ ಮೇಲೆ ಕೂತಿರೋರು ನಿಮ್ಮ ಮನೆಯವರಲ್ವಾ? ಅವರೂ ರಕ್ತ ಕೊಡಬೇಕು. ಇವತ್ತೇ."

"ಶುಗರ್ ಟೆಸ್ಟು ಅಂತ ಕರ್ಕೊಂಬಂದಿವ್ನಿ."

"ನಾನು ಹೇಳೋ ಹಾಗಿಲ್ಲ. ನೀವೇ ಹೇಳಬೇಕು. ಇಲ್ಲಿಗೇ ಕರ್ಕೊಂಡ್ ಬನ್ನಿ, ಜೊತೇಲಿ ಕೂತಿರ್ತೀನಿ."

"ಇಲ್ಲ, ನಾನೇ ಯೋಳ್ತೀನಿ," ಎಂದು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಎದ್ದ.

ಅವನು ಪರದೆ ಸರಿಸಿ ಹೋದದ್ದನ್ನು ರಾಧಾಮಣಿ ಕೂತಲ್ಲಿಂದಲೇ ನೋಡಿದಳು. ಅವನ ಹೆಂಡತಿ ದಾಸಮ್ಮ ಬೆಂಚಿನ ತುದಿಯಲ್ಲಿ, ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಏನಂದ್ರು?"

"ಐತೆ... ಒಸಿ ಐತೆ."

"ಶುಗರ್ರಾ?"

ಚಿಕ್ಕಯ್ಯ ಸಾಲಿನಲ್ಲಿದ್ದವರೆಲ್ಲ ತನ್ನನ್ನೇ ನೋಡುತ್ತಿದ್ದಾರೆ ಎನ್ನುವಂತೆ ಅತ್ತಿತ್ತ ನೋಡಿದ. ಅವಳ ಪಕ್ಕದಲ್ಲಿ ಕೂತ. ಹೆಗಲಿನ ಟವೆಲ್ ಮೆಲ್ಲಗೆ ಜಾರಿ ಅವನ ಕೈಯನ್ನು ಮುಚ್ಚಿತು. ಮುಚ್ಚಿದ ಕೈ ಅವಳತ್ತ ಸರಿದು ಚೀಲದ ಪಕ್ಕ ನಿಂತಿತು.

"ಪರದೆ ಸಂದೀಲಿ ಕಂಡೆ," ಎಂದಳು ದಾಸಮ್ಮ. "ಟವಲ್ ಹಾಕ್ಕಂಡು ಆ ಹೆಣ್ಮಗಳ ತಾವು ಅದೇನ್ ಯಾಪಾರ ಮಾಡ್ದೆ ಅಂತ ಆಗ್ಲಿಂದ ಯೋಚ್ನೆ ಮಾಡ್ತಾ ಕೂತಿವ್ನಿ."

"ಕೈ ಇಡು ಅಮ್ಮಿ. ಗೊತ್ತಾಯ್ತದೆ."

ಅವಳು ಟವೆಲ್ಲನ್ನು ನೋಡಿದಳು. ಅದರಡಿಯಲ್ಲಿ ಅವನ ಕೈ ಕಾಯುತ್ತಿತ್ತು. ದಾಸಮ್ಮ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಳು.

"ನಾನು ಇಡಾಕಿಲ್ಲ," ಎಂದಳು, ಸಾಲಿನವರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಬಾಯ್ಬುಟ್ಟು ಯೋಳು."